ಹಾಸನದ ಭಾನುವಾರದ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು: ನಮ್ಮದೇ ದಿನಚರಿ, ನಮ್ಮದೇ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ನೀವು ಹಾಸನದಲ್ಲಿದ್ದು, ಸ್ಟ್ಯಾಟಿಸ್ಟಿಕ್ಸ್ (ಸಂಖ್ಯಾಶಾಸ್ತ್ರ) ಅಂದರೇನು ಅಂತ ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಆಸೆ ಇದ್ದರೆ ಈ ಕ್ಲಾಸಿಗೆ ಸೇರಿಕೊಳ್ಳಿ. ಬಿ.ಕಾಂ.ನಲ್ಲಿ ನಾನೂ ಈ ವಿಷಯ ಓದಿದ್ದೆ. ಸೂತ್ರ ಬಾಯಿಪಾಠ, ಪರೀಕ್ಷೆ, ಪಾಸು, ಅಷ್ಟೇ. ಒಂದು ಕಾರ್ಖಾನೆಯ ನೂರು ಕಾರ್ಮಿಕರ ಕೂಲಿ ಹೀಗಿದೆ ಅಂತ ಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತಿತ್ತು. ಆ ಕಾರ್ಖಾನೆ ಯಾವುದು, ಅದರಲ್ಲಿ ಒಬ್ಬನಿಗೆ ಮಾತ್ರ ಅಷ್ಟೊಂದು ಕೂಲಿ ಯಾಕೆ, ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಈ ಕ್ಲಾಸಿನಲ್ಲಿ ಲೆಕ್ಕಕ್ಕೆ ಬರುವ ಹೆಚ್ಚುಕಡಿಮೆ ಪ್ರತಿ ಅಂಕಿಯೂ ಕೂತವರ ದಿನಚರಿಯದ್ದು. ಆ ದಿನ ಏನಾಗಿತ್ತು ಅಂತ ಬರೆದವರಿಗೆ ಗೊತ್ತಿರುತ್ತದೆ. ಕ್ಲಾಸಿನ ಇಡೀ ಬಲ ಇರುವುದೇ ಅಲ್ಲಿ.

ಜಾಗ ಸಾಲಗಾಮೆ ರಸ್ತೆಯ ಕಡೆ, ಒಂದು ಮನೆಯ ಮಹಡಿ. ಕಲಿಸುವವರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಡಂ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು. ತಿಂಗಳಿಗೆ ₹600. ಜೂನ್ ಕೊನೆಯಲ್ಲಿ ಶುರುವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ನಮ್ಮ ಬ್ಯಾಚಿನಲ್ಲಿ ಪಿಯುಸಿ ಹುಡುಗನಿಂದ ಹಿಡಿದು ಹೋಟೆಲ್ ನಡೆಸುವ ಅಣ್ಣನವರೆಗೆ ಎಲ್ಲ ಥರದವರೂ ಇದ್ದರು. ಬಟ್ಟೆ ಹೊಲಿಯುವ ಅಕ್ಕ ಒಬ್ಬರು, ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುವ ಒಬ್ಬರು ರಿಟೈರ್ಡ್ ಮೇಷ್ಟ್ರು, ನನ್ನ ಹಾಗೆ ಆಫೀಸಿಗೆ ಹೋಗುವ ಕೆಲವರು. ಗೋಡೆ ಮೇಲೆ ಸ್ಟ್ಯಾಟಿಸ್ಟಿಕ್ಸಿನ ದೊಡ್ಡ ವಿದ್ವಾಂಸ ಸಿ.ಆರ್. ರಾವ್ ಅವರ ಬಗ್ಗೆ ಬಂದ ಪೇಪರ್ ಕಟಿಂಗ್ ಅಂಟಿಸಿದ್ದಾರೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು ಅವರು. 2023ರಲ್ಲಿ ಸ್ಟ್ಯಾಟಿಸ್ಟಿಕ್ಸಿನ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. 1945ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೋ ತುಂಬಿದ ಮೇಲೋ, ಅವರು ಬರೆದ ಒಂದು ಲೇಖನದ ಫಲಿತಾಂಶವನ್ನು ಇವತ್ತಿಗೂ ಜಗತ್ತಿನ ಎಲ್ಲ ಕಡೆ ಪಾಠ ಮಾಡುತ್ತಾರೆ. ನಮ್ಮ ನಾಡಿನಲ್ಲಿ ಹುಟ್ಟಿದವರ ವಿಷಯ ಇದು, ಹೆದರಿಕೊಂಡು ಯಾಕೆ ಓದಬೇಕು ಅಂತ ಮೇಡಂ ಮೊದಲ ದಿನವೇ ಕೇಳಿದರು.

ಕ್ಲಾಸಿಗೆ ಬೇಕಾದ ಸಾಮಾನು ಒಂದು ಚೌಕಳಿ ಪುಸ್ತಕ, ಒಂದು ಪೆನ್ಸಿಲ್. ದಿನಕ್ಕೆ ಮೂರು ವಿಷಯ ಆರಿಸಿಕೊಂಡು ಬರೆಯಬೇಕು. ಮೂರಕ್ಕಿಂತ ಜಾಸ್ತಿ ಬೇಡ ಅನ್ನುತ್ತಾರೆ, ಯಾಕೆಂದರೆ ಹತ್ತು ವಿಷಯ ಶುರು ಮಾಡಿದವರು ಎರಡನೇ ವಾರಕ್ಕೆ ಪುಸ್ತಕವನ್ನೇ ಮುಚ್ಚಿಡುತ್ತಾರೆ. ನಾನು ಆರಿಸಿದ್ದು ಮನೆಯಿಂದ ಆಫೀಸಿಗೆ ಹಿಡಿಯುವ ಸಮಯ, ಕುಡಿದ ಕಾಫಿ, ಮಲಗಿದ ಹೊತ್ತು. ಬರೆಯುವ ಮೊದಲೇ ಒಂದು ಇಡೀ ಭಾನುವಾರ ಬರೀ ಮಾತಿನಲ್ಲಿ ಕಳೆಯಿತು. ಕಾಫಿ ಅಂದರೆ ಎಷ್ಟು? ಮನೆಯ ಸ್ಟೀಲ್ ಲೋಟವೋ, ಹೋಟೆಲಿನ ಬೈಟೂನೋ? ವಾಕಿಂಗ್ ಅಂದರೆ ತರಕಾರಿಗೆ ಮಾರ್ಕೆಟ್ಟಿಗೆ ನಡೆದದ್ದು ಸೇರುತ್ತದೋ ಇಲ್ಲವೋ? ಆಫೀಸಿಗೆ ಹೋಗುವ ಸಮಯ ಗೇಟು ದಾಟಿದಾಗಿನಿಂದಲೋ, ಬಸ್ಸು ಹತ್ತಿದಾಗಿನಿಂದಲೋ? ಮೊದಲು ಇದೆಲ್ಲ ಸುಮ್ನೆ ಎಳೆದಾಟ ಅನ್ನಿಸಬಹುದು. ಆದರೆ ಇವತ್ತು ಒಂದು ರೀತಿ, ನಾಳೆ ಇನ್ನೊಂದು ರೀತಿ ಅಳೆದರೆ ಮುಂದೆ ಯಾವ ಸೂತ್ರ ಹಾಕಿದರೂ ಪ್ರಯೋಜನ ಇಲ್ಲ. ಪುಸ್ತಕದ ಮೊದಲ ಪುಟದಲ್ಲಿ ಪ್ರತಿಯೊಬ್ಬರೂ ತಮ್ಮ ಅಳತೆಯ ನಿಯಮ ಬರೆದು ಸಹಿ ಹಾಕಬೇಕು. ಯಾವ ಕಾಲೇಜಿನಲ್ಲೂ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸರಾಸರಿ ಪಾಠವನ್ನು ಅವರು ಬೇಕಂತಲೇ ಹಾಸನಾಂಬ ಜಾತ್ರೆವರೆಗೆ ಪೂರ್ತಿ ಮುಗಿಸುವುದಿಲ್ಲ. ಊರಿನವರಿಗೆ ಹೇಳಬೇಕಾಗಿಲ್ಲ, ಆಶ್ವೀಜ ಹುಣ್ಣಿಮೆ ಆದ ಮೇಲಿನ ಗುರುವಾರ ಗುಡಿಯ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆಯುವವರೆಗೆ ಪೇಟೆಯಲ್ಲಿ ಗಾಡಿ ಅಲುಗುವುದಿಲ್ಲ. ಬಾಗಿಲು ತೆಗೆದ ದಿನಕ್ಕೆ ಕೊನೆಯಾಗುವ ಏಳು ದಿನದ ನನ್ನ ಪ್ರಯಾಣದ ನಿಮಿಷಗಳನ್ನು ಮೇಡಂ ಬೋರ್ಡಿನ ಮೇಲೆ ಬರೆದರು: 24, 26, 25, 27, 24, 26, 86. ಕೂಡಿದರೆ 238, ಏಳರಿಂದ ಭಾಗಿಸಿದರೆ ಸರಿಯಾಗಿ 34. "ಈಗ ಹೇಳಿ, 34 ನಿಮಿಷ ಹಿಡಿದ ದಿನ ಯಾವುದು?" ಅಂದರು. ಒಂದೂ ಇಲ್ಲ. 27ರ ಮೇಲೆ ಇರುವುದು 86 ಒಂದೇ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದನ್ನು ನೋಡಿದರೆ 26. ಇದೇ ಮಧ್ಯಾಂಕ, ಮೀಡಿಯನ್. ಮಾಮೂಲಿ ದಿನ ಎಷ್ಟು ಹೊತ್ತಿಗೆ ಮನೆ ಬಿಡಬೇಕು ಅಂತ ಯಾರಾದರೂ ಕೇಳಿದರೆ ಈ 26 ಕೆಲಸಕ್ಕೆ ಬರುತ್ತದೆ.

ಹಾಗಂತ ಸರಾಸರಿ ದಂಡ ಅಂತ ಬಿಟ್ಟುಬಿಡಲಿಲ್ಲ. ಬಟ್ಟೆ ಅಂಗಡಿಯಲ್ಲಿ ಇರುತ್ತಲ್ಲ, ಆ ಮೀಟರ್ ಕೋಲನ್ನು ಅಕ್ಕ ತಂದಿದ್ದರು. ಅದರ ಮೇಲೆ ನನ್ನ ಏಳು ದಿನಕ್ಕೆ ಏಳು ಹತ್ತು ರೂಪಾಯಿ ನಾಣ್ಯ, ಆಯಾ ಸೆಂಟಿಮೀಟರಿನ ಗುರುತಿನ ಮೇಲೆ ಇಟ್ಟೆವು. 24ರ ಮೇಲೆ ಎರಡು, 25ರ ಮೇಲೆ ಒಂದು, 26ರ ಮೇಲೆ ಎರಡು, 27ರ ಮೇಲೆ ಒಂದು, ದೂರದಲ್ಲಿ 86ರ ಮೇಲೆ ಒಂಟಿ ನಾಣ್ಯ. ಕೆಳಗೆ ಪೆನ್ಸಿಲ್ ಇಟ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಕಡೆ ಕೋಲು ಸಮ ನಿಲ್ಲುತ್ತದೆ. ಅದೇ ಸರಾಸರಿ. ಆ ಒಂಟಿ ನಾಣ್ಯ ಅಷ್ಟು ದೂರದಲ್ಲಿ ಕೂತು ಇಡೀ ಕೋಲನ್ನು ಹೇಗೆ ತನ್ನ ಕಡೆ ಎಳೆಯುತ್ತದೆ ಅನ್ನುವುದು ಕಣ್ಣಿಗೇ ಕಾಣಿಸುತ್ತದೆ. ಆದರೆ ಕೋಲು ನಿಂತದ್ದು 34ರಲ್ಲಿ ಅಲ್ಲ, ಅದಕ್ಕಿಂತ ಬಲಕ್ಕೆ. ಪಿಯುಸಿ ಹುಡುಗ ತಕ್ಷಣ ಹಿಡಿದ. "ಮೇಡಂ, ಕೋಲಿಗೂ ತೂಕ ಇದೆ ಅಲ್ವಾ, ಅದರ ನಡು 50ರಲ್ಲಿ ಇದೆ, ಅದಕ್ಕೇ ಆ ಕಡೆ ಹೋಗಿದೆ." ಮೇಡಂಗೆ ಅದೆಷ್ಟು ಖುಷಿ ಆಯಿತು ಅಂದರೆ, "ಶಭಾಷ್ ಕಣೋ" ಅಂತ ಅವನ ಕೈಗೇ ಚಾಕ್ ಕೊಟ್ಟು ಉಳಿದದ್ದನ್ನು ಅವನಿಂದಲೇ ಹೇಳಿಸಿದರು.

86ನ್ನು ಅಳಿಸಿಬಿಡೋಣವಾ ಅಂತ ಆಮೇಲೆ ಚರ್ಚೆ. ಪುಸ್ತಕದಲ್ಲಿ ಇಂಥದ್ದಕ್ಕೆ ಒಂದು ನಿಯಮ ಇದೆ, ಅಂಕಿಗಳ ಹರಡುವಿಕೆಯನ್ನು ಒಂದು ಚೌಕದಲ್ಲಿ ತೋರಿಸುವ ಬಾಕ್ಸ್ ಪ್ಲಾಟ್ ಚಿತ್ರ ತಂದ ಅಮೆರಿಕದ ಜಾನ್ ಟುಕಿ ಅವರ ಒಂದೂವರೆ ಪಟ್ಟಿನ ನಿಯಮ. ನಡುವಿನ ಅರ್ಧ ಅಂಕಿಗಳು ಹರಡಿಕೊಂಡಿರುವ ಅಗಲದ ಒಂದೂವರೆ ಪಟ್ಟು ದೂರವನ್ನು, ಆ ಅರ್ಧದ ಅಂಚಿನಿಂದ ಅಳೆದು, ದಾಟಿದ ಅಂಕಿಯನ್ನು ಬೇರೆ ಗುರುತು ಹಾಕಿ ತೋರಿಸಬೇಕು. ಗುರುತು ಹಾಕಿ ಅಂತ ಹೇಳಿದೆಯೇ ಹೊರತು ಅಳಿಸಿ ಅಂತ ಎಲ್ಲೂ ಇಲ್ಲ ಅಂತ ಮೇಡಂ ಒತ್ತಿ ಹೇಳಿದರು. ತಪ್ಪಾಗಿ ಬರೆದಿದ್ದರೆ ತೆಗೀಬಹುದು. ನಿಜವಾಗಿ ನಡೆದದ್ದನ್ನು ತೆಗೆಯುವ ಹಾಗಿಲ್ಲ. ಹಾಸನಾಂಬ ಪ್ರತಿ ವರ್ಷ ಬರುತ್ತಾಳೆ, ಆ ದಿನಗಳಲ್ಲಿ ಪ್ರತಿ ವರ್ಷ ಹೀಗೇ ಆಗುತ್ತದೆ. ನನ್ನದೇ ಅಂಕಿ ಆದ್ದರಿಂದ ನನಗೆ ಅದರ ಹಿಂದಿನ ಕಾರಣ ಗೊತ್ತಿತ್ತು, ಮಾತಾಡಲು ಸಾಧ್ಯವಾಯಿತು. ಬೇರೆ ಯಾವುದೋ ಊರಿನ ಪಟ್ಟಿ ಆಗಿದ್ದರೆ 86 ಬರೀ ಒಂದು ತೊಂದರೆ ಅಷ್ಟೇ.

ನನಗೆ ಇಡೀ ಕೋರ್ಸಿನಲ್ಲಿ ತುಂಬಾ ಬೆಲೆಬಾಳುವ ಪಾಠ ಅನ್ನಿಸಿದ್ದು ಬರೆಯದೇ ಬಿಟ್ಟ ದಿನಗಳ ಬಗ್ಗೆ. ಮೇಷ್ಟ್ರ ವಾಕಿಂಗ್ ಪಟ್ಟಿಯಲ್ಲಿ ಒಂದು ವಾರ ಹೀಗಿತ್ತು: 30, ಖಾಲಿ, 40, ಖಾಲಿ, 35, 30, 40. ಕಂಪ್ಯೂಟರಿನಲ್ಲಿ ಆವರೇಜ್ ಫಾರ್ಮುಲಾ ಹಾಕಿದರೆ 35 ನಿಮಿಷ ಬಂತು. ಖಾಲಿ ಜಾಗದಲ್ಲಿ ಸೊನ್ನೆ ಹಾಕಿದರೆ 25. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಲಿಬ್ರೆಆಫೀಸ್ ಆಗಲಿ, ಖಾಲಿ ಚೌಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತವೆ. ಮೇಡಂ ಕೇಳಿದರು, "ಸಾರ್, ಆ ಎರಡು ದಿನ ನಡೆದಿದ್ರಾ, ಬರೆಯೋದು ಮರೆತ್ರಾ, ಇಲ್ಲಾ ಹೋಗ್ಲೇ ಇಲ್ವಾ?" ಒಂದು ದಿನ ಜೋರು ಮಳೆ, ಹೋಗಿರಲಿಲ್ಲ. ಇನ್ನೊಂದು ದಿನ ಮಗಳ ಮನೆಗೆ ಹೋಗಿದ್ದರು, ನಡೆದಿದ್ದರು, ಎಷ್ಟು ಅಂತ ನೆನಪಿಲ್ಲ. ಹಾಗಾದರೆ ಒಂದು ಸೊನ್ನೆ, ಇನ್ನೊಂದು ನಿಜಕ್ಕೂ ಖಾಲಿ. ಎರಡೂ ಬೇರೆ ಬೇರೆ. ಅಲ್ಲಿಂದ ಮುಂದಕ್ಕೆ ಹೋದರು. ಜನ ಬರೆಯದೇ ಬಿಡುವುದು ಎಂಥ ದಿನ? ಹೆಚ್ಚಾಗಿ ಕೆಟ್ಟ ದಿನ. ಹುಷಾರಿಲ್ಲದ ದಿನ, ಮನೆಯಲ್ಲಿ ಜಗಳ ಆದ ದಿನ, ರಾತ್ರಿ ಹನ್ನೆರಡಾದರೂ ಮಲಗದ ದಿನ. ಆ ದಿನಗಳೆಲ್ಲ ಪಟ್ಟಿಯಿಂದ ತಾನಾಗಿ ಜಾರಿಹೋಗುವುದರಿಂದ ಪುಸ್ತಕದಲ್ಲಿ ನಮ್ಮ ಬದುಕು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ದೊಡ್ಡ ದೊಡ್ಡ ಸಮೀಕ್ಷೆಗಳಲ್ಲೂ ಇದೇ ಕಷ್ಟ, ಉತ್ತರ ಕೊಡದೇ ಹೋದವರು ಉತ್ತರ ಕೊಟ್ಟವರ ಹಾಗೆಯೇ ಇರುತ್ತಾರೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಆ ಭಾನುವಾರದಿಂದ ಎಲ್ಲರ ಪುಸ್ತಕದಲ್ಲೂ ಒಂದು ಹೊಸ ಕಾಲಂ ಬಂತು, ಬರೆಯದಿದ್ದರೆ ಯಾಕೆ ಅಂತ.

ಮಲಗುವ ಹೊತ್ತಿನ ಲೆಕ್ಕದಲ್ಲಿ ಒಂದು ಮಜಾ ಇದೆ. ಅಕ್ಕ ಒಂದು ರಾತ್ರಿ 11:30ಕ್ಕೆ ಮಲಗಿದ್ದರು, ಮರುದಿನ ರಾತ್ರಿ ಹಬ್ಬದ ಬ್ಲೌಸುಗಳ ಅರ್ಜೆಂಟಿನಲ್ಲಿ 12:30ಕ್ಕೆ. ರೈಲ್ವೆ ಟೈಮಿನಲ್ಲಿ ಬರೆದರೆ 23:30 ಮತ್ತು 0:30. ಕೂಡಿ ಎರಡರಿಂದ ಭಾಗಿಸಿದರೆ 12:00, ಅಂದರೆ ಮಟಮಟ ಮಧ್ಯಾಹ್ನ! ಕಂಪ್ಯೂಟರ್ ಸ್ವಲ್ಪವೂ ಅನುಮಾನ ಇಲ್ಲದೆ ಇದನ್ನೇ ತೋರಿಸುತ್ತದೆ. ಗಡಿಯಾರ ಸುತ್ತುತ್ತದೆ, ಮಾಮೂಲಿ ಸರಾಸರಿಗೆ ಅದು ಗೊತ್ತಿಲ್ಲ. ಪರಿಹಾರ ಸುಲಭ: ಸಂಜೆ ಆರು ಗಂಟೆಯಿಂದ ಎಷ್ಟು ನಿಮಿಷ ಆಯಿತು ಅಂತ ಎಣಿಸಿ. 330 ಮತ್ತು 390, ಸರಾಸರಿ 360, ಅಂದರೆ ರಾತ್ರಿ ಹನ್ನೆರಡು. ಲೆಕ್ಕ ಮಾಡುವ ಮೊದಲು ಉತ್ತರ ಸುಮಾರು ಎಷ್ಟು ಬರಬೇಕು ಅಂತ ಒಂದು ಅಂದಾಜು ಪುಸ್ತಕದ ಅಂಚಿನಲ್ಲಿ ಬರೆದಿಡಿ ಅಂತ ಮೇಡಂ ಪ್ರತಿ ವಾರ ಹೇಳುತ್ತಾರೆ. ಆ ಅಭ್ಯಾಸ ಆಫೀಸಿನ ಕೆಲಸದಲ್ಲೂ ನನ್ನ ಕೈ ಹಿಡಿದಿದೆ.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತಾರೆ, ಆ ಹೆಸರು ಕೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಇಲ್ಲಿ ಅದು ನಿದ್ದೆಯ ಪಟ್ಟಿಯಿಂದ ಬಂತು. ಮೇಷ್ಟ್ರ ಏಳು ರಾತ್ರಿ: 7, 7, 6, 8, 7, 7, 7 ಗಂಟೆ. ಪಿಯುಸಿ ಹುಡುಗನದು: 4, 5, 5, 6, 10, 10, 9. ಇಬ್ಬರ ಸರಾಸರಿಯೂ 7. ಇಬ್ಬರೂ ಒಂದೇ ಥರ ನಿದ್ದೆ ಮಾಡುತ್ತಾರೆ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೀರಾ? ಪ್ರತಿ ದಿನ 7ರಿಂದ ಎಷ್ಟು ದೂರ ಅಂತ ಬರೆದು ಕೂಡಿದರೆ ಇಬ್ಬರದೂ ಸೊನ್ನೆ ಬರುತ್ತದೆ, ಹೆಚ್ಚು ಕಡಿಮೆ ಎಲ್ಲ ಹೊಡೆದುಹೋಗಿ. ಹಾಗಾಗಿ ಪ್ರತಿ ದೂರವನ್ನೂ ವರ್ಗ ಮಾಡಬೇಕು. ಮೇಷ್ಟ್ರದು ಒಟ್ಟು 2, ಹುಡುಗನದು 40. ಆರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮೇಷ್ಟ್ರಿಗೆ 0.58, ಹುಡುಗನಿಗೆ 2.58. ಏಳು ದಿನ ಇರುವಾಗ ಆರರಿಂದ ಯಾಕೆ ಭಾಗಿಸಬೇಕು ಅನ್ನುವ ಪ್ರಶ್ನೆಗೆ ನನಗೆ ಕಾಲೇಜಿನಲ್ಲಿ ಸಿಕ್ಕ ಉತ್ತರ 'ಸೂತ್ರದಲ್ಲಿ ಹಾಗೇ ಇದೆ' ಅಂತ. ಇಲ್ಲಿ ಮೇಡಂ ಹುಡುಗನ ಪಟ್ಟಿಯ ಆರು ದೂರಗಳನ್ನು ಬಿಟ್ಟು ಏಳನೆಯದನ್ನು ಕೈಯಿಂದ ಮುಚ್ಚಿದರು. ಎಲ್ಲ ಸೇರಿ ಸೊನ್ನೆ ಆಗಲೇಬೇಕಲ್ಲ, ಹಾಗಾಗಿ ಮುಚ್ಚಿದ್ದು ಎಷ್ಟು ಅಂತ ಎಲ್ಲರೂ ಹೇಳಿಬಿಟ್ಟೆವು. ಏಳನೆಯದಕ್ಕೆ ಸ್ವಂತ ಮಾತೇ ಇಲ್ಲ, ಹೊಸದಾಗಿ ಏನನ್ನಾದರೂ ಹೇಳುತ್ತಿರುವುದು ಆರೇ. ಎರಡು ನಿಮಿಷದ ಕೆಲಸ ಅದು, ಆದರೆ ವರ್ಷಗಟ್ಟಲೆ ತಲೆಯಲ್ಲಿ ಕೂತಿದ್ದ ಒಂದು ಗಂಟು ಬಿಚ್ಚಿತು.

ಎಲ್ಲವೂ ದಿನಚರಿಯ ಅಂಕಿಯಲ್ಲೇ ನಡೆಯುತ್ತದೆ ಅಂತಲೂ ಇಲ್ಲ. ಒಂದು ವಾರ ನಮ್ಮನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಹನ್ನೊಂದು ಜೋಡಿ ಅಂಕಿಗಳ ಚೀಟಿ ಕೊಟ್ಟರು. ಸರಾಸರಿ, ಹರಡುವಿಕೆ, ಸಹಸಂಬಂಧ (ಜೋಡಿಯ ಎರಡೂ ಅಂಕಿ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವುದು) ಎಲ್ಲ ಲೆಕ್ಕ ಹಾಕಿ ಅಂದರು. ನಾಲ್ಕೂ ಗುಂಪಿಗೆ ಒಂದೇ ಉತ್ತರ: ಒಂದರ ಸರಾಸರಿ 9, ಇನ್ನೊಂದರದು 7.5, ಸಹಸಂಬಂಧ ಸುಮಾರು 0.82. ನಾಲ್ಕೂ ಒಂದೇ ಪಟ್ಟಿ ಇರಬೇಕು ಅಂದುಕೊಂಡೆವು. ಆಮೇಲೆ ಚೌಕಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಅಕ್ಕಪಕ್ಕ ಹಿಡಿದರೆ ಒಂದು ಓರೆಯಾಗಿ ಚದುರಿದ ಗುಂಪು, ಒಂದು ಬಿಲ್ಲಿನಂತೆ ಬಾಗಿದ ಗೆರೆ, ಒಂದು ನೇರ ಗೆರೆಯಲ್ಲಿ ಒಂದೇ ಚುಕ್ಕಿ ಮೇಲೆ ಹಾರಿದ್ದು, ಇನ್ನೊಂದರಲ್ಲಿ ಹತ್ತು ಚುಕ್ಕಿ ನೆಟ್ಟಗೆ ಕಂಬದ ಹಾಗೆ ನಿಂತು ಒಂದು ಮಾತ್ರ ದೂರ. ಇದನ್ನು ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನುವ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರ್ 1973ರಲ್ಲಿ ಜೋಡಿಸಿದ್ದಂತೆ, ಚಿತ್ರ ಬರೆಯದೆ ಲೆಕ್ಕ ಮಾಡುವವರಿಗೆ ಬುದ್ಧಿ ಹೇಳಲೆಂದೇ. ಆಮೇಲೆ ನಮ್ಮ ಕ್ಲಾಸಿನಲ್ಲಿ ಮೊದಲು ಚುಕ್ಕಿ, ಆಮೇಲೆ ಸೂತ್ರ ಅನ್ನುವುದು ಕಟ್ಟುನಿಟ್ಟು.

ಹೋಟೆಲ್ ಅಣ್ಣ ತಂದದ್ದು ವ್ಯಾಪಾರದ ಅಂಕಿ. ಕರೆಂಟು ಹೋದ ದಿನ ಮೆಣಸಿನಕಾಯಿ ಬಜ್ಜಿ ಜಾಸ್ತಿ ಖರ್ಚಾಗುತ್ತದೆ ಅಂತ ಅವರು ಮೊದಲಿಂದ ಹೇಳುತ್ತಿದ್ದರು. ಜುಲೈ, ಆಗಸ್ಟಿನ ಪಟ್ಟಿ ಹಾಕಿ ನೋಡಿದರೆ ಅವರ ಮಾತು ನಿಜ, ಚುಕ್ಕಿಗಳು ಚೆನ್ನಾಗಿಯೇ ಮೇಲೇರುತ್ತವೆ. "ಕತ್ತಲಲ್ಲಿ ಜನಕ್ಕೆ ಬಜ್ಜಿ ಆಸೆ ಆಗುತ್ತೇನ್ರೀ?" ಅಂತ ಮೇಡಂ ಕೇಳಿದರು. ಆಗ ಮಳೆಯ ಕಾಲಂ ಸೇರಿಸಿದರು. ಮಳೆ ಬಂದ ದಿನ ಬೇರೆ, ಬಾರದ ದಿನ ಬೇರೆ ಮಾಡಿ ಎರಡು ಹಾಳೆಯಲ್ಲಿ ಚುಕ್ಕಿ ಇಟ್ಟರೆ ಕರೆಂಟಿಗೂ ಬಜ್ಜಿಗೂ ಇದ್ದ ನಂಟು ಹೆಚ್ಚುಕಡಿಮೆ ಕಾಣೆಯಾಯಿತು. ಮಳೆಯೇ ಮರವನ್ನು ತಂತಿ ಮೇಲೆ ಬೀಳಿಸುತ್ತದೆ, ಮಳೆಯೇ ಜನರನ್ನು ಬಜ್ಜಿ ಅಂಗಡಿಗೂ ಎಳೆಯುತ್ತದೆ. ಅಣ್ಣನಿಗೆ ಇದರಿಂದ ಲಾಭವೂ ಆಯಿತು, ಈಗ ಅವರು ಕರೆಂಟಿಗೆ ಕಾಯದೆ ಮಧ್ಯಾಹ್ನ ಮೋಡ ನೋಡಿಯೇ ಕಡಲೆಹಿಟ್ಟು ಕಲಸುತ್ತಾರೆ.

ಇನ್ನು ಚೀಟಿ ಆಟ. ಇದೊಂದಕ್ಕೇ ₹600 ಕೊಡಬಹುದು ಅನ್ನುತ್ತೇನೆ. ಸಂಜೆ ಕಾಫಿ ಕುಡಿದರೆ ನಿದ್ದೆ ತಡವಾಗಿ ಬರುತ್ತದಾ ಅನ್ನುವುದು ಅಕ್ಕನ ಪ್ರಶ್ನೆ. ಕುಡಿಯಬೇಕೋ ಬೇಡವೋ ಅಂತ ಮನಸ್ಸು ಬಂದ ಹಾಗೆ ತೀರ್ಮಾನ ಮಾಡಿದರೆ, ಸುಸ್ತಾದ ದಿನವೇ ಕಾಫಿ ಕುಡಿಯುತ್ತೀವಿ, ಆಗ ಸುಸ್ತು ಯಾವುದು ಕಾಫಿ ಯಾವುದು ತಿಳಿಯುವುದಿಲ್ಲ. ಅದಕ್ಕೇ ದಿನಾ ಸಂಜೆ ಐದಕ್ಕೆ ನಾಣ್ಯ ಚಿಮ್ಮಿಸಿ, ತಲೆ ಬಿದ್ದರೆ ಕಾಫಿ, ಇಲ್ಲದಿದ್ದರೆ ಇಲ್ಲ. ದೀಪ ಆರಿಸಿದ ಮೇಲೆ ನಿದ್ದೆ ಬರಲು ಹಿಡಿದ ನಿಮಿಷಗಳನ್ನು ಬೆಳಗ್ಗೆ ಎದ್ದು ಅಂದಾಜಿನಲ್ಲಿ ಬರೆದರು. ಕಾಫಿ ಕುಡಿದ ಐದು ದಿನ: 35, 40, 25, 50, 30. ಕುಡಿಯದ ಐದು ದಿನ: 15, 20, 30, 10, 25. ಸರಾಸರಿ 36 ಮತ್ತು 20, ವ್ಯತ್ಯಾಸ 16 ನಿಮಿಷ. ಕಾಫಿಯದೇ ಕೆಲಸ ಅನ್ನಿಸುತ್ತದೆ ಅಲ್ವಾ? ಮೇಡಂ ಹತ್ತೂ ಅಂಕಿಗಳನ್ನು ಚೀಟಿ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿಸಿದರು. ಕಾಫಿಗೂ ನಿದ್ದೆಗೂ ಏನೂ ಸಂಬಂಧ ಇಲ್ಲ ಅಂತಿಟ್ಟುಕೊಳ್ಳಿ, ಆಗ ಯಾವ ಅಂಕಿ ಯಾವ ಗುಂಪಿಗೆ ಬಿದ್ದಿದ್ದರೂ ಬರೀ ನಾಣ್ಯದ ಆಟ. ಕುಲುಕಿ, ಕಣ್ಣು ಮುಚ್ಚಿ ಐದು ತೆಗೆಯಿರಿ, ಅದನ್ನು ಕಾಫಿ ಗುಂಪು ಅನ್ನಿ, ವ್ಯತ್ಯಾಸ ನೋಡಿ, ಚೀಟಿಗಳನ್ನು ವಾಪಸ್ ಹಾಕಿ, ಮತ್ತೆ ಕುಲುಕಿ. ಒಬ್ಬೊಬ್ಬರೂ ಡಬ್ಬಿ ಹಿಡಿದು ತೆಗೆದೆವು. 2 ಬಂತು, 6 ಬಂತು, ಕೆಲವು ಸಲ ಮೈನಸ್ ಬಂತು. 16 ಮುಟ್ಟುವುದು ಎಷ್ಟು ಕಷ್ಟ ಅಂತ ಕೈಗೇ ಗೊತ್ತಾಗತೊಡಗಿತು. ಕೊನೆಗೆ ಹುಡುಗ ಪೂರ್ತಿ ಎಣಿಸಿದ. ಹತ್ತರಲ್ಲಿ ಐದನ್ನು ಆರಿಸಲು 252 ದಾರಿ. ಅದರಲ್ಲಿ 16 ಅಥವಾ ಅದಕ್ಕೂ ಜಾಸ್ತಿ ವ್ಯತ್ಯಾಸ ಬರುವುದು ಐದರಲ್ಲಿ ಮಾತ್ರ. ನೂರಕ್ಕೆ ಎರಡು. ಪತ್ರಿಕೆಗಳಲ್ಲಿ, ಸಂಶೋಧನಾ ವರದಿಗಳಲ್ಲಿ ಬರುವ ಪಿ ವ್ಯಾಲ್ಯೂ ಅಂದರೆ ಇದೇ. ಯಾವ ಟೇಬಲ್ಲೂ ಇಲ್ಲ, ಗ್ರೀಕ್ ಅಕ್ಷರವೂ ಇಲ್ಲ, ಡಬ್ಬಿಯಲ್ಲಿ ಹತ್ತು ಚೀಟಿ.

ಅಲ್ಲಿಗೇ ಬಿಡಲಿಲ್ಲ ಅನ್ನುವುದು ಮೇಡಂ ದೊಡ್ಡತನ. "ಅಂಕಿಗಳನ್ನ ಇನ್ನೊಂದ್ಸಲ ನೋಡಮ್ಮ, ಏನಾದ್ರೂ ವಿಚಿತ್ರ ಕಾಣುತ್ತಾ?" ಅಂದರು. ಎಲ್ಲವೂ 0 ಅಥವಾ 5ರಲ್ಲಿ ಮುಗಿಯುತ್ತವೆ. 23 ಇಲ್ಲ, 37 ಇಲ್ಲ. ಅಂದಾಜಿನಲ್ಲಿ ಹೇಳುವಾಗ ಮನುಷ್ಯರು ಹೀಗೇ ಹೇಳುವುದು. ಜನಗಣತಿಯಲ್ಲೂ ವಯಸ್ಸು ಕೇಳಿದರೆ 30, 35, 40 ಹೇಳುವವರು ಜಾಸ್ತಿ, 31, 37 ಹೇಳುವವರು ಕಡಿಮೆ. ಜೊತೆಗೆ ಅಕ್ಕನಿಗೆ ತಾನು ಕಾಫಿ ಕುಡಿದಿದ್ದೇನೆ ಅಂತ ಗೊತ್ತಿತ್ತು. ನಿದ್ದೆ ಬರಲಿಲ್ಲ ಅನ್ನುವ ಭಾವನೆಯೇ ಅಂದಾಜನ್ನು ಮೇಲೆ ತಳ್ಳಿರಬಹುದು. ಕಾಫಿಯಲ್ಲಿರುವ, ನಿದ್ದೆ ದೂರ ಮಾಡುವ ಕೆಫೀನು ಮೈಯಲ್ಲಿ ಅರ್ಧ ಕಡಿಮೆಯಾಗಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಫಲಿತಾಂಶ ನಂಬುವ ಹಾಗೆಯೇ ಇದೆ, ಆದರೆ ಹತ್ತು ದಿನದ ಅಂದಾಜಿನಿಂದ ಊರಿಗೆಲ್ಲ ಉಪದೇಶ ಮಾಡಬೇಡಿ ಅಂದರು. ಇನ್ನೂ ಖಚಿತ ಬೇಕು ಅಂದರೆ ದಿನ ಜಾಸ್ತಿ ಬೇಕು, ಅದೂ ಸುಲಭದ್ದಲ್ಲ: ಸರಾಸರಿಯ ಅಲುಗಾಟ ಅರ್ಧ ಆಗಬೇಕಾದರೆ ದಿನಗಳು ನಾಲ್ಕು ಪಟ್ಟು ಆಗಬೇಕು.

ತಲೆನೋವು ಜೋರಾಗಿದ್ದ ವಾರ ಕಷಾಯ ಶುರು ಮಾಡಿ, ಮುಂದಿನ ವಾರ ಕಡಿಮೆ ಆದರೆ ಕಷಾಯದ ಮಹಿಮೆ ಅನ್ನುತ್ತೀವಲ್ಲ, ಅದರ ಬಗ್ಗೆಯೂ ಒಂದು ಒಳ್ಳೆ ಪಾಠ ಇದೆ. ತೀರಾ ಕೆಟ್ಟ ವಾರದ ಮುಂದಿನ ವಾರ ಹೆಚ್ಚಾಗಿ ತಾನಾಗಿಯೇ ಸ್ವಲ್ಪ ವಾಸಿ ಇರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರದಲ್ಲಿ ಇದನ್ನೇ ತೋರಿಸಿದ್ದು: ತೀರಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಹೆಚ್ಚಾಗಿ ಸರಾಸರಿಗೆ ಹತ್ತಿರ ಬರುತ್ತಾರೆ. ನಮ್ಮ ಪುಸ್ತಕಗಳಲ್ಲೂ ಕೆಟ್ಟ ವಾರಗಳಿಗೆ ಸುತ್ತು ಹಾಕಿ ಪಕ್ಕದ ವಾರ ನೋಡಿಸಿದರು. ಕಷಾಯ ಕುಡಿಯದವರದೂ ಸುಧಾರಿಸಿತ್ತು.

ಈಗ ಕೊರತೆಗಳು. ಮೊದಲನೆಯದು ದೊಡ್ಡದು. ಶುರುವಿನ ವಾರಗಳಲ್ಲಿ ಎಲ್ಲರ ಪುಸ್ತಕ ತೆಗೆದುಕೊಂಡು ಅಂಕಿಗಳನ್ನು ಜೋರಾಗಿ ಓದುತ್ತಿದ್ದರು. ಒಬ್ಬ ಹುಡುಗಿ ತನ್ನ ತೂಕದ ಪಟ್ಟಿ ಓದಿದ್ದಕ್ಕೆ ತುಂಬಾ ಮುಜುಗರ ಪಟ್ಟು ಎರಡು ವಾರ ಬರಲೇ ಇಲ್ಲ. ನಾವು ಕೆಲವರು ಹೋಗಿ ಹೇಳಿದ ಮೇಲೆ ಮೇಡಂ ಬದಲಾಯಿಸಿದರು. ಈಗ ಹೆಸರಿನ ಬದಲು ಚೀಟಿ ಎತ್ತಿ ನಂಬರ್ ಕೊಡುತ್ತಾರೆ, ತೋರಿಸಲು ಇಷ್ಟ ಇಲ್ಲದ ಕಾಲಂ ಮಡಚಿ ಪಿನ್ ಹಾಕಿಕೊಳ್ಳಬಹುದು. ಆದರೆ ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಮನುಷ್ಯರ ನಿದ್ದೆ, ತೂಕ, ಖರ್ಚು ಕೇಳುವ ಕ್ಲಾಸಿನಲ್ಲಿ ಇದು ಪಾಠಕ್ಕಿಂತ ಮುಂಚೆ ಬರಬೇಕಾದ ವಿಷಯ, ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಕಂಪ್ಯೂಟರ್ ಒಂದೇ ಇದೆ, ಅದಕ್ಕೆ ಸಿಗುವ ಸಮಯವೂ ಕಡಿಮೆ. ಕೈಯಲ್ಲಿ ಲೆಕ್ಕ ಮಾಡಿದ್ದು ಒಳ್ಳೆಯದೇ, ಆದರೆ ಕೊನೆಯ ತಿಂಗಳಾದರೂ ಮೊಬೈಲಿನಲ್ಲಿ ಶೀಟ್ ಬಳಸುವುದು ಸರಿಯಾಗಿ ಕಲಿಸಿದ್ದರೆ ಕ್ಲಾಸು ಮುಗಿದ ಮೇಲೂ ಎಲ್ಲರೂ ಮುಂದುವರಿಸುತ್ತಿದ್ದರು. ಪ್ರಾಬಬಿಲಿಟಿ ಭಾಗ ಓಡಿಸಿಬಿಟ್ಟರು. ಚೀಟಿ ಆಟದಲ್ಲಿ ಅಷ್ಟು ಚೆನ್ನಾಗಿ ಬಂದ ವಿಷಯ, ಅದಕ್ಕೆ ಮೊದಲೇ ಬರಬೇಕಾದ ಬುನಾದಿ ಒಂದೂವರೆ ಭಾನುವಾರದಲ್ಲಿ ಮುಗಿದುಹೋಯಿತು. ಪಾಠ ಕನ್ನಡದಲ್ಲಿ, ಆದರೆ ಕೊಡುವ ಜೆರಾಕ್ಸ್ ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿ. ಅಕ್ಕ ಪ್ರತಿ ವಾರ ಹುಡುಗನ ಹತ್ತಿರ ಓದಿಸಿಕೊಳ್ಳುತ್ತಿದ್ದರು. ಮೆಟ್ಟಿಲು ಕಡಿದು, ಹಿಡಿಕೆಯೂ ಇಲ್ಲ. ಮಂಡಿನೋವಿನ ಮೇಷ್ಟ್ರು ಹತ್ತುವುದನ್ನು ನೋಡಿದರೆ ಸಂಕಟ ಆಗುತ್ತದೆ. ಗಾಡಿ ನಿಲ್ಲಿಸಲು ಎದುರಿನ ಖಾಲಿ ಸೈಟ್ ಇದೆ, ಅದಕ್ಕೇನೂ ತೊಂದರೆ ಇಲ್ಲ.

ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಈ ಕ್ಲಾಸು ಹೇಳಿದ್ದಲ್ಲ. ಶಾರ್ಟ್‌ಕಟ್ ಸಿಗುವುದಿಲ್ಲ, ಹಳೇ ಪ್ರಶ್ನೆಪತ್ರಿಕೆ ಮುಟ್ಟುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡ ಪಿಯುಸಿ ಮಕ್ಕಳಿಗೆ ಕಾಲೇಜಿನ ಪಾಠದ ಜೊತೆ ಇದನ್ನೂ ಕೊಡಿಸಿ, ನಮ್ಮ ಹುಡುಗನಲ್ಲಿ ಆದ ಬದಲಾವಣೆ ನಾನೇ ನೋಡಿದ್ದೇನೆ. ಅಂಗಡಿ ನಡೆಸುವವರು, ಶಾಲೆಯಲ್ಲಿ ಗಣಿತ ಹೇಳುವವರು, ಶುಗರ್ ಬಿಪಿ ಬರೆದಿಡುವವರು ಕಣ್ಣು ಮುಚ್ಚಿ ಸೇರಬಹುದು. ಗಣಿತ ಎಷ್ಟು ಬರಬೇಕು ಅಂದರೆ ಕೂಡುವುದು, ಕಳೆಯುವುದು, ಭಾಗಾಕಾರ ಸಾಕು. ವರ್ಗಮೂಲಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಬಳಸಬಹುದು.

ಹೊಸ ಬ್ಯಾಚು ಜೂನ್ 29ರ ಆಸುಪಾಸಿನ ಭಾನುವಾರ ಶುರುವಾಗುತ್ತದೆ. ಜೂನ್ 29 ಅಂದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ.ಸಿ. ಮಹಲನೋಬಿಸ್ ಹುಟ್ಟಿದ ದಿನ, 2007ರಿಂದ ದೇಶದಲ್ಲಿ ಸ್ಟ್ಯಾಟಿಸ್ಟಿಕ್ಸ್ ದಿನ ಅಂತ ಆಚರಿಸುತ್ತಾರೆ. ಕೂರಲು ಜಾಗ ಕಡಿಮೆ, ಹಳಬರು ಪರಿಚಯ ಮಾಡಿಸಿದವರನ್ನೇ ಮೊದಲು ತೆಗೆದುಕೊಳ್ಳುತ್ತಾರೆ. ಹಾಸನದವರು ಯಾರಿಗಾದರೂ ಬೇಕಿದ್ದರೆ ನನಗೆ ತಿಳಿಸಿ, ಮೇಡಂ ಹತ್ತಿರ ಕೇಳಿ ಹೇಳುತ್ತೇನೆ. ಸೇರುವುದಕ್ಕೆ ಎರಡು ವಾರ ಮುಂಚೆಯೇ ಏನಾದರೂ ಒಂದು ವಿಷಯ ಬರೆಯಲು ಶುರು ಮಾಡಿ, ಮೊದಲ ದಿನ ಬರಿಗೈಯಲ್ಲಿ ಹೋದರೆ ಚುಕ್ಕಿ ಇಡಲು ಏನೂ ಇರುವುದಿಲ್ಲ. ಬರೆಯದ ದಿನ ಯಾಕೆ ಬರೆಯಲಿಲ್ಲ ಅನ್ನುವ ಕಾಲಂ ಈಗಲೇ ಹಾಕಿಕೊಳ್ಳಿ.